ಪಂಕ್ತಿಯಲ್ಲಿ ಕೂತ ಸಿಗರೇಟು

ಗವಿಪುರದ ಇಳಿಜಾರು. ಎದುರಿಗೆ ತರಕಾರಿ ಗಾಡಿ. ಹಿಂದೆ ಬಿಳಿ ಸುಮೋ.

ಸುಮೋ ನನ್ನ ಓಮ್ನಿ ವ್ಯಾನಿನ ಬಂಪರಿಗೆ ಆಗಲೇ ಒಂದು ಸಲ ತಾಗಿತ್ತು. ಇನ್ನೊಂದು ಸಲ ತಾಗುವ ಮೊದಲು ನಾನು ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ಎಳೆದೆ. ಟೈರು ಕಿರುಚಿತು. ತರಕಾರಿಯವನು ಬೈದ. ವ್ಯಾನು ಒಂದು ಸಣ್ಣ ಕ್ರಾಸಿನೊಳಗೆ ನುಗ್ಗಿತು...

"ಇಂಡಿಕೇಟರ್ ಹಾಕಮ್ಮ," ಎಂದರು ಪಕ್ಕದಲ್ಲಿ ಕೂತಿದ್ದ ಮುದುಕರು.

"ಏನ್ ಸಾರ್?"

"ತಿರುಗೋಕೆ ಮುಂಚೆ ಇಂಡಿಕೇಟರ್ ಹಾಕ್ಬೇಕು. ರೂಲ್ ಅಂದ್ರೆ ರೂಲ್."

ಹಿಂದೆ ಒಂದು ಗಾಡಿ ನಮ್ಮ ಪ್ರಾಣ ತೆಗೆಯಲು ಬರುತ್ತಿದೆ. ಈ ಮನುಷ್ಯನಿಗೆ ಇಂಡಿಕೇಟರಿನ ಚಿಂತೆ!

ನನಗೆ ಭಯವಾಗಿತ್ತು. ಹೇಳಿಬಿಡುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ. ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಈ ಕೆಲಸಕ್ಕೆ ಬಂದ ಮೇಲೆ ಓಡಿಹೋದ ಗಂಡಂದಿರನ್ನು ಹಿಡಿದಿದ್ದೇನೆ, ಸೈಟು ನುಂಗಿದವರನ್ನು ಹುಡುಕಿದ್ದೇನೆ, ಮೆಜೆಸ್ಟಿಕ್‌ನಲ್ಲಿ ಚಾಕು ತೋರಿಸಿದ ಒಬ್ಬನ ಕಪಾಳಕ್ಕೆ ಬಾರಿಸಿದ್ದೇನೆ. ಆದರೆ ಆಗೆಲ್ಲ ನನ್ನ ಪಕ್ಕದಲ್ಲಿ ಬಿಪಿ ಇರುವ, ಎಪ್ಪತ್ತು ದಾಟಿದ ಜೀವ ಇರಲಿಲ್ಲ.

ಕಾಫಿ ಕುಡಿಯಿರಿ, ಆರುತ್ತದೆ. ಮೊದಲಿನಿಂದ ಹೇಳುತ್ತೇನೆ.

ನಾನು ಗಗನಾ. ಚಾಮರಾಜಪೇಟೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ನನ್ನ ಆಫೀಸು. ಬೋರ್ಡಿನಲ್ಲಿ 'ಖಾಸಗಿ ಪತ್ತೇದಾರರು' ಎಂದಿದೆ. ನಮ್ಮವ್ವ ಮುನಿಯಮ್ಮ ಮಾತ್ರ ನೆಂಟರ ಹತ್ತಿರ ಇವತ್ತಿಗೂ 'ಟೈಪಿಂಗ್ ಕೆಲಸ' ಎನ್ನುತ್ತಾಳೆ.

ಅದು ಎರಡು ಸಾವಿರದ ಏಳು. ಸಿಗರೇಟು ಪ್ಯಾಕಿನ ಮೇಲೆ ಕ್ಯಾನ್ಸರ್ ರೋಗಿಯ ಫೋಟೋ ಹಾಕಬೇಕೇ ಬೇಡವೇ ಎಂದು ಜಗಳ ನಡೆದಿತ್ತು. ತಂಬಾಕಿನ ವಿರುದ್ಧ ದೇಶಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಜನರ ಆರೋಗ್ಯ ಮೊದಲು ಎನ್ನುತ್ತಿತ್ತು ಅದು. ಅವೇ ದೇಶಗಳು ಅದಕ್ಕೂ ಹಿಂದೆ ವ್ಯಾಪಾರದ ಒಪ್ಪಂದವನ್ನೂ ಮಾಡಿಕೊಂಡಿದ್ದವು. ಪರದೇಶದ ಮಾಲಿಗೆ ಅಡ್ಡಗಾಲು ಹಾಕಬೇಡಿ ಎನ್ನುತ್ತಿತ್ತು ಇದು. ಒಂದು ವಿದೇಶಿ ಸಿಗರೇಟು ಕಂಪನಿ ಇದನ್ನೇ ಹಿಡಿದುಕೊಂಡು ಕೂತಿತು. ನಮ್ಮ ಬ್ರಾಂಡಿನ ಮೇಲೆ ನಿಮ್ಮ ಫೋಟೋ ಅಂಟಿಸುವುದು ವ್ಯಾಪಾರಕ್ಕೆ ಅಡ್ಡಿ, ನಿಮ್ಮ ದೇಸಿ ತಂಬಾಕನ್ನು ಬಿಟ್ಟು ನಮ್ಮನ್ನೇ ಗುರಿ ಮಾಡಿದ್ದೀರಿ ಎಂದಿತು. ಸರಿ, ಸಲಹೆ ಕೊಡಲು ಒಂದು ಸಮಿತಿ. ಮಲ್ಲೇಶ್ವರದ ಹಳೆಯ ಮೀಟಿಂಗ್ ಹಾಲಿನಲ್ಲಿ ವಿಚಾರಣೆ.

ಫೋಟೋ ಶಿವಲಿಂಗಯ್ಯನದು. ಬಸ್ ಕಂಡಕ್ಟರ್ ಆಗಿದ್ದ ಮನುಷ್ಯ. ಬೀಡಿ ಸೇದಿ ಸೇದಿ ಕೆಳದವಡೆ ಹೋಗಿತ್ತು. ಅದನ್ನು ಕತ್ತರಿಸಿ ಜೀವ ಉಳಿಸಿದವರು ಬಸವನಗುಡಿಯ ಸರ್ಜನ್ ಡಾಕ್ಟರ್ ಗಿರಿಜಾಂಬಾ. ತನ್ನ ಮುಖ ಪ್ಯಾಕಿನ ಮೇಲೆ ಹಾಕಿ ಎಂದು ಅವನೇ ಮುಂದೆ ಬಂದಿದ್ದ. ಮಾತು ಹೊರಡುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದ: 'ನನ್ನ ನೋಡಿ ಒಬ್ಬ ಬಿಟ್ರೂ ಸಾಕು.'

ಆ ಮುಖ ಪ್ಯಾಕಿನ ಮೇಲೆ ಬರುತ್ತದೋ ಇಲ್ಲವೋ ಎಂಬುದು ನನ್ನ ಪಕ್ಕದಲ್ಲಿ ಕೂತ ಮುದುಕರ ಮಾತಿನ ಮೇಲೆ ನಿಂತಿತ್ತು.

ಅವರ ಹೆಸರು ಬದರೀನಾರಾಯಣ. ಸರ್ಕಾರದ ವ್ಯಾಪಾರ ಇಲಾಖೆಯಲ್ಲಿದ್ದು ರಿಟೈರ್ ಆದವರು. ಆ ವ್ಯಾಪಾರದ ಒಪ್ಪಂದ ಬರೆಯುವಾಗ ಜಿನೀವಾದಲ್ಲಿ ಕೂತಿದ್ದವರು. ಕಂಪನಿಯ ವಾದ ತಪ್ಪು ಎಂದು ಪ್ರಮಾಣ ಮಾಡಿ ಬರೆದು ಕೊಟ್ಟಿದ್ದರು. ಬಿಪಿ ಜಾಸ್ತಿ ಇದ್ದುದರಿಂದ ಖುದ್ದಾಗಿ ಬರಬೇಕಿಲ್ಲ, ಹೇಳಿಕೆ ಸಾಕು ಎಂದಿತ್ತು ಸಮಿತಿ.

ಆಮೇಲೆ ಫೋನುಗಳು ಶುರುವಾದವು. 'ವಿಚಾರಣೆಗೆ ಕಾಲಿಟ್ಟರೆ ಹುಷಾರ್.'

ಮುದುಕರಿಗೆ ಹಠ ಬಂತು. ಹೋಗಿಯೇ ತೀರುತ್ತೇನೆ ಎಂದರು. ಡಾಕ್ಟರ್ ನನ್ನನ್ನು ಕರೆಸಿದರು. ಜೋಪಾನವಾಗಿ ಕರ್ಕೊಂಡು ಬಾ ಎಂದರು. ಬೇಡ ಎಂದವರಿಗೆ ಎದುರಾಗಿ ಮಾಡುವ ಕೆಲಸವೆಂದರೆ ನನಗೂ ಇಷ್ಟ. ಒಪ್ಪಿಕೊಂಡೆ.

ಅವತ್ತು ವಿಚಾರಣೆಯ ಕೊನೆಯ ದಿನ.

ಬೆಳಿಗ್ಗೆ ಗವಿಪುರದ ಅವರ ಮನೆಗೆ ಹೋದಾಗ ಹಿತ್ತಲ ಬಾಗಿಲಿನ ಚಿಲಕ ಮುರಿದಿತ್ತು. ಅವರ ಹೆಂಡತಿ ಜಾನಕಮ್ಮ ಸೆರಗಿನ ತುದಿ ಹಿಸುಕುತ್ತ ನಿಂತಿದ್ದರು.

"ಇವ್ರು ಸಂಧ್ಯಾವಂದನೆಗೆ ಕೂತಿದ್ರು. ನಾನು ಒಲೆ ಮುಂದಿದ್ದೆ. ಯಾರೋ ನುಗ್ಗಿ ಓಡಿದ ಸದ್ದಾಯ್ತು, ಅಷ್ಟೇ."

"ಪೇಪರ್ಸ್ ಇದೆಯಾ?"

"ಎಲ್ಲ ಇದೆ."

"ಮತ್ತೇನು ಹೋಗಿದೆ?"

ಜಾನಕಮ್ಮ ಗಂಡನ ಮುಖ ನೋಡಿದರು.

"ಏನೂ ಹೋಗಿಲ್ಲ," ಎಂದರು ಬದರೀನಾರಾಯಣ. ತೀರಾ ಬೇಗ ಎಂದರು.

ಚಿಲಕ ಮುರಿದು ಬಂದವರು ಏನೂ ಒಯ್ಯದೆ ಹೋದರೇ? ನನಗೆ ಹಿಡಿಸಲಿಲ್ಲ. ಆದರೆ ಹೊತ್ತಾಗುತ್ತಿತ್ತು. ಪೊಲೀಸರಿಗೆ ಒಂದು ಫೋನ್ ಮಾಡಿಸಿ ಹೊರಟೆವು. ಬೀದಿಯ ಕೊನೆಯಲ್ಲಿ ಬಿಳಿ ಸುಮೋ ಕಾಯುತ್ತಿತ್ತು...

ಕ್ರಾಸಿನಿಂದ ಕ್ರಾಸಿಗೆ ತಿರುಗಿ ಚಾಮರಾಜಪೇಟೆಗೆ ಬಿದ್ದೆ. ಫೋನ್ ಹೊಡೆದುಕೊಂಡಿತು.

"ಗಗನಾ, ಮುದುಕನ್ನ ಮನೇಲಿ ಬಿಟ್ಬಿಡು. ಒಳ್ಳೇದಕ್ಕೆ ಹೇಳ್ತಿದೀನಿ."

ಗೌರೀಶ್. ನಾವಿಬ್ಬರೂ ಒಂದೇ ಏಜೆನ್ಸಿಯಲ್ಲಿ ಕೆಲಸ ಕಲಿತವರು. ಅವನೀಗ ಸಿಗರೇಟು ಕಂಪನಿಯ ಕೊಳಕು ಕೆಲಸಗಳಿಗೆ ನಿಂತಿದ್ದ.

"ಬಿಡಲ್ಲ ಅಂದ್ರೆ?"

"ನಿನ್ನ ವ್ಯಾನಿಗೂ ವಯಸ್ಸಾಗಿದೆ. ಮುದುಕನಿಗೂ ವಯಸ್ಸಾಗಿದೆ."

"ಮಲ್ಲೇಶ್ವರದಲ್ಲಿ ಸಿಗ್ತೀನಿ ಮಗಾ. ಕಾಯ್ತಿರು."

ಅವನು ನಕ್ಕ. ಬೆದರಿಕೆ ಹಾಕುವವನು ಹಾಗೆ ಖುಷಿಯಾಗಿ ನಗುವುದಿಲ್ಲ.

ಚಾಮರಾಜಪೇಟೆಯ ಸಂದಿಗಳು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಎಳನೀರು ಮಂಡಿಯ ಹಿಂದೆ ನುಗ್ಗಿ, ಒಂದು ಗ್ಯಾರೇಜಿನ ಒಳಗೆ ಹೊಕ್ಕು, ಆಚೆ ಬಾಗಿಲಿಂದ ಹೊರಬಿದ್ದೆ. ಕನ್ನಡಿಯಲ್ಲಿ ಸುಮೋ ಇರಲಿಲ್ಲ.

ಉಸಿರು ಬಿಟ್ಟೆ. ಪಕ್ಕಕ್ಕೆ ನೋಡಿದರೆ ಮುದುಕರ ಅವಸ್ಥೆ ಬೇರೆ. ಹಣೆಯೆಲ್ಲ ಬೆವರು. ಕೈ ನಡುಗುತ್ತಿತ್ತು.

"ಸಾರ್, ಎದೆ ನೋವಾ? ಆಸ್ಪತ್ರೆಗೆ ಹೋಗೋಣ್ವಾ?"

"ಬೇಡ. ಅವೆನ್ಯೂ ರಸ್ತೇಲಿ ಒಂದು ನಿಮಿಷ ನಿಲ್ಸು. ಒಂದು... ಔಷಧಿ ತಗೋಬೇಕು. ಅದಿಲ್ದೆ ನಂಗೆ ನಾಲಿಗೆ ಹೊರಳಲ್ಲ."

"ಔಷಧಿ ಅಂಗಡಿ ಇಲ್ಲೇ ಇದೆಯಲ್ಲ ಸಾರ್."

"ಇಲ್ಲಿ ಸಿಗಲ್ಲ ಕಣಮ್ಮ."

ಬಿಪಿ ಮನುಷ್ಯ. ವಾದ ಮಾಡಲು ಧೈರ್ಯ ಬರಲಿಲ್ಲ. ವ್ಯಾನನ್ನು ಅವೆನ್ಯೂ ರಸ್ತೆಯ ಹತ್ತಿರ ಒಂದು ಗಲ್ಲಿಯಲ್ಲಿ ನಿಲ್ಲಿಸಿದೆ. ನಾನು ಇಳಿಯುವ ಮೊದಲೇ ಅವರು ಇಳಿದು ಜನರ ನಡುವೆ ನುಸುಳಿದರು. ನೋಟ್‌ಬುಕ್ಕಿನ ಮೂಟೆಗಳು, ಕೈಗಾಡಿಗಳು, ಮದುವೆ ಕಾರ್ಡಿನ ಅಂಗಡಿಗಳು. ಬಿಳಿ ಪಂಚೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ನಾನು ಓಡಿದೆ.

ಅವರು ಒಂದು ಚಿಕ್ಕ ಅಂಗಡಿಯ ಮುಂದೆ ನಿಂತಿದ್ದರು.

ಅಂಗಡಿಯ ಎದುರಿಗೆ ಅದೇ ಬಿಳಿ ಸುಮೋ!

ನಮ್ಮ ಹಿಂದೆ ಬಂದದ್ದಲ್ಲ. ನಮಗಿಂತ ಮೊದಲೇ ಬಂದು ನಿಂತದ್ದು. ನನಗೇ ಗೊತ್ತಿಲ್ಲದ ಅಂಗಡಿ ಸುಮೋದವರಿಗೆ ಮೊದಲೇ ಗೊತ್ತಿತ್ತು. ಸುಮೋದ ಕಿಟಕಿಯಿಂದ ಒಂದು ಕೈ ಹೊರಬಂತು. ಕೈಯಲ್ಲಿ ಕಪ್ಪಗೆ ಏನೋ ಇತ್ತು. ಅದು ಮುದುಕರ ಮುಖಕ್ಕೇ ಗುರಿಯಾಗಿತ್ತು.

"ಸಾರ್, ಕೂತ್ಕೊಳ್ಳಿ!"

ನಾನು ಹಾರಿ ಅವರನ್ನು ತಬ್ಬಿಕೊಂಡು ಅಂಗಡಿಯ ಗೋಡೆಗೆ ಒತ್ತಿದೆ. ಕಣ್ಣು ಮುಚ್ಚಿದೆ. ಗುಂಡಿನ ಸದ್ದಿಗೆ ಕಾದೆ.

ಕ್ಲಿಕ್. ಕ್ಲಿಕ್. ಕ್ಲಿಕ್.

ಪಿಸ್ತೂಲಲ್ಲ. ಕ್ಯಾಮರಾ.

ಕಿಟಕಿಯ ಗಾಜು ಏರಿತು. ಸುಮೋ ನಿಧಾನವಾಗಿ ಮುಂದೆ ಹೋಯಿತು. ನಿಜ ಹೇಳುತ್ತೇನೆ, ಪಿಸ್ತೂಲಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಪಿಸ್ತೂಲಿನವನಿಗೆ ಏನು ಬೇಕೆಂದು ಗೊತ್ತಿರುತ್ತದೆ. ಕ್ಯಾಮರಾದವನಿಗೆ ಏನು ಬೇಕು?

ಮುದುಕರನ್ನು ವ್ಯಾನಿಗೆ ಹತ್ತಿಸಿ ಬಾಗಿಲು ಹಾಕಿದೆ. ಅವರು ಈಗ ಆರಾಮಾಗಿದ್ದರು. ನಡುಕ ನಿಂತಿತ್ತು. ಮೂಗಿನ ತುದಿಯಲ್ಲಿ ಕಂದು ಪುಡಿ. ಕೈಯಲ್ಲಿ ಹೊಸದೊಂದು ತಗಡಿನ ಡಬ್ಬಿ.

"ಏನ್ ಸಾರ್ ಅದು?"

"ನಶ್ಯ."

"ಬೆಳಿಗ್ಗೆ ಮನೆಯಿಂದ ಏನು ಹೋಯ್ತು? ನಿಜ ಹೇಳಿ."

ಅವರು ಕಿಟಕಿಯಾಚೆ ನೋಡಿದರು. "ನನ್ನ ನಶ್ಯದ ಡಬ್ಬಿ. ಬೆಳ್ಳೀದು. ನಮ್ಮ ತಂದೆಯವರದ್ದು. ಮುಚ್ಚಳದ ಮೇಲೆ ಆಮೇಲೆ ನನ್ನ ಹೆಸರೂ ಕೆತ್ತಿಸಿದ್ದೆ. ಇಂಥ ದಿನ ನಶ್ಯಕ್ಕೋಸ್ಕರ ಗಲಾಟೆ ಯಾಕೆ ಅಂತ ಹೇಳ್ಲಿಲ್ಲ."

ನನ್ನ ತಲೆಯಲ್ಲಿ ಏನೋ ಕೂಡತೊಡಗಿತು. ಅವರ ಹೇಳಿಕೆಯ ಪ್ರತಿ ನನ್ನ ಬ್ಯಾಗಿನಲ್ಲಿತ್ತು. ತೆಗೆದು ಮೊದಲ ಪುಟ ಓದಿದೆ.

"'ನಾನು ಜೀವನದಲ್ಲಿ ಯಾವ ರೂಪದಲ್ಲೂ ತಂಬಾಕು ಬಳಸಿಲ್ಲ ಎಂದು ಪ್ರಮಾಣ ಮಾಡುತ್ತೇನೆ.' ಇದು ನೀವೇ ಬರೆದದ್ದಾ?"

"ಹೌದು. ಬಳಸಿಲ್ವಲ್ಲ."

"ಕೈಲಿರೋದು?"

"ಹೇಳಿದ್ನಲ್ಲಮ್ಮ, ನಶ್ಯ."

"ನಶ್ಯ ಯಾವುದ್ರಿಂದ ಮಾಡ್ತಾರೆ ಸಾರ್?"

ಅವರು ನಗಲು ಹೋದರು. ನಗು ಅರ್ಧಕ್ಕೇ ನಿಂತಿತು.

"ನಮ್ಮ ತಾತ ಪಾಠ ಹೇಳುವಾಗ ನಶ್ಯ ಏರಿಸ್ತಿದ್ರು. ನಮ್ಮಪ್ಪ ಪೂಜೆಗೆ ಕೂತಾಗ್ಲೂ ಡಬ್ಬಿ ಪಕ್ಕದಲ್ಲೇ ಇರ್ತಿತ್ತು. ನಾನು ಮಡೀಲೂ ಹಾಕ್ತೀನಿ. ಹೊಗೆಸೊಪ್ಪಾಗಿದ್ರೆ ಮಡೀಲಿ ಮುಟ್ತಿದ್ವಾ?"

"ಡಬ್ಬಿ ಹಿಂದೆ ಓದಿ."

ಕನ್ನಡಕ ಏರಿಸಿ ಓದಿದರು. ವ್ಯಾಪಾರದ ಒಪ್ಪಂದದ ಸಾಲು ಸಾಲನ್ನೂ ಅರೆದು ಕುಡಿದ ಮನುಷ್ಯ ನಶ್ಯದ ಡಬ್ಬಿಯನ್ನು ತಿರುಗಿಸಿ ಓದಿದ್ದು ಅದೇ ಮೊದಲು. ಅವರ ಮುಖ ಬಿಳಿಚಿಕೊಂಡಿತು.

ಈಗ ನನಗೆ ಎಲ್ಲ ಹೊಳೆಯಿತು. ಹೊಳೆದ ಮೇಲೆ ಭಯ ಇಮ್ಮಡಿಯಾಯಿತು.

ಮುದುಕರು ಮನೆಯಲ್ಲೇ ಇದ್ದಿದ್ದರೆ ಹೇಳಿಕೆ ಹಾಗೇ ನಿಲ್ಲುತ್ತಿತ್ತು. ಬಾರದವರನ್ನು ಯಾರು ಪ್ರಶ್ನೆ ಕೇಳಲು ಸಾಧ್ಯ? ಕಂಪನಿಗೆ ಅವರು ಕುರ್ಚಿಯಲ್ಲಿ ಕೂರಬೇಕಿತ್ತು. ಎಲ್ಲರೆದುರು ಪ್ರಮಾಣ ಮಾಡಬೇಕಿತ್ತು. ಆಮೇಲೆ ಬೆಳ್ಳಿ ಡಬ್ಬಿ, ಇವತ್ತಿನ ಫೋಟೋ ಮೇಜಿನ ಮೇಲೆ ಇಟ್ಟರೆ ಮುಗಿಯಿತು. ಸುಳ್ಳು ಸಾಕ್ಷಿ. ಅದಕ್ಕಿಂತ ದೊಡ್ಡದು ಇನ್ನೊಂದು: 'ನೋಡಿ, ಇವರಿಗೆ ತಮ್ಮ ತಂಬಾಕು ತಂಬಾಕೇ ಅಲ್ಲ. ನಮ್ಮದು ಮಾತ್ರ ವಿಷ.' ಕಂಪನಿಯವರು ಹೇಳುತ್ತ ಬಂದದ್ದೂ ಅದನ್ನೇ.

ಬರಬೇಡಿ ಎಂದು ಬೆದರಿಸಿದ್ದು ಬರಲಿ ಎಂದೇ. ಸುಮೋ ತಾಗಿಸಿತ್ತು, ಗುದ್ದಿರಲಿಲ್ಲ. ಡಬ್ಬಿ ಕದ್ದರೆ ಮುದುಕರು ನಶ್ಯ ಕೊಳ್ಳಲು ಆ ಅಂಗಡಿಗೇ ಬರುತ್ತಾರೆಂದು ಗೊತ್ತಿತ್ತು. ಮುದುಕರ ಹಠವೂ ಅವರಿಗೆ ಗೊತ್ತಿತ್ತು. ನನ್ನ ಹಠ ಗೌರೀಶನಿಗೆ ಚೆನ್ನಾಗಿ ಗೊತ್ತಿತ್ತು. ಕುರಿಯನ್ನು ಕಟುಕನ ಅಂಗಡಿಗೆ ನಾನೇ ಹೊಡೆದುಕೊಂಡು ಹೋಗುತ್ತಿದ್ದೆ!

"ಮನೆಗೆ ಹೋಗೋಣ ಸಾರ್," ಎಂದೆ. ವ್ಯಾನು ತಿರುಗಿಸಿದೆ.

ಗಲ್ಲಿಯ ಬಾಯಿಗೆ ಸುಮೋ ಅಡ್ಡ ನಿಂತಿತ್ತು.

ಇಬ್ಬರು ಇಳಿದು ಬಂದರು. ದಪ್ಪಗಿದ್ದವನು ನನ್ನ ಕಿಟಕಿಯ ಗಾಜಿಗೆ ಚಾಕುವಿನ ತುದಿ ಒರಗಿಸಿದ. ಗಾಜು ಕಿರ್ ಎಂದಿತು.

"ಎಲ್ಲಿಗೆ ಮೇಡಂ?"

"ಗವಿಪುರ."

"ಮಲ್ಲೇಶ್ವರ ಆ ಕಡೆ."

"ಬರ್ಬೇಡ ಅಂತ ನೀವೇ ಹೇಳಿದ್ರಲ್ಲ?"

"ಈಗ ಬನ್ನಿ ಅಂತಿದೀವಿ."

ಫೋನ್ ಹೊಡೆದುಕೊಂಡಿತು. ಗೌರೀಶ್.

"ಗೊತ್ತಾಗೋಯ್ತಾ? ನೀನು ಜಾಣೆ. ಕರ್ಕೊಂಡು ಬಾ. ಇಲ್ಲಾಂದ್ರೆ ಜಾನಕಮ್ಮ ಮನೇಲಿ ಒಬ್ರೇ ಇದಾರೆ, ಹಿತ್ತಲ ಚಿಲಕ ಬೇರೆ ಮುರಿದಿದೆ."

ಅಷ್ಟು ಹೇಳಿ ಇಟ್ಟ. ಮುದುಕರಿಗೂ ಕೇಳಿಸಿತ್ತು. ನಾನು ಡಾಕ್ಟರ್ ಗಿರಿಜಾಂಬಾಗೆ ಫೋನ್ ಮಾಡಿದೆ. ಜಾನಕಮ್ಮನನ್ನು ಈಗಲೇ ನಿಮ್ಮ ಆಸ್ಪತ್ರೆಗೆ ಕರೆಸಿಕೊಳ್ಳಿ ಎಂದೆ.

"ನಡಿ, ಹೋಗೋಣ," ಎಂದರು ಬದರೀನಾರಾಯಣ.

"ಅಲ್ಲಿ ನಿಮ್ಮ ಮಾನ ಹರಾಜು ಹಾಕ್ತಾರೆ ಸಾರ್. ಎದೆ ನೋವು ಅನ್ನಿ. ಈಗ್ಲೇ ಆಂಬ್ಯುಲೆನ್ಸ್ ಕರೀತೀನಿ. ಹೇಳಿಕೆ ನಿಲ್ಲುತ್ತೆ, ಶಿವಲಿಂಗಯ್ಯನ ಫೋಟೋನೂ ಉಳಿಯುತ್ತೆ."

"ಹೇಳಿಕೇಲಿ ಸುಳ್ಳಿದೆಯಲ್ಲಮ್ಮ. ಮೊದಲು ಗೊತ್ತಿರ್ಲಿಲ್ಲ. ಈಗ ಗೊತ್ತು." ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿದರು. "ನಿಂಗೆ ಪಂಕ್ತಿಭೇದ ಅಂದ್ರೆ ಗೊತ್ತಾ?"

ನನಗೆ ಸಿಟ್ಟು ಬಂತು. ಭಯದ ನಡುವೆಯೂ ಬಂತು.

"ನಂಗೆ ಹೇಳ್ಕೊಡ್ತೀರಾ ಸಾರ್? ನಮ್ಮಜ್ಜಿ ನಿಮ್ಮ ಬೀದಿಗಳಿಗೆ ಹಾಲು ಹಾಕ್ತಿದ್ಲು. ಮದುವೆ ಊಟ ಅಂದ್ರೆ ಹಿತ್ತಲಲ್ಲಿ ಕೂರಿಸಿ, ಎಲ್ಲಾ ಮುಗಿದ್ಮೇಲೆ ಬಡಿಸ್ತಿದ್ರು."

ಅವರು ತಲೆ ತಗ್ಗಿಸಿದರು.

"ಹೌದಮ್ಮ. ನಮ್ಮನೇಲೂ ಹಾಗೇ ಮಾಡಿದೀವಿ," ಎಂದರು. "ಅದಕ್ಕೇ ಹೇಳ್ತಿದೀನಿ, ನಡಿ. ಇಂಡಿಕೇಟರ್ ಹಾಕು."

ಹಾಕಲಿಲ್ಲ. ಕಣ್ಣೆಲ್ಲ ಕನ್ನಡಿಯ ಮೇಲಿತ್ತು. ಮೆಜೆಸ್ಟಿಕ್ ದಾಟಿ ಮಲ್ಲೇಶ್ವರ ಮುಟ್ಟುವವರೆಗೂ ಸುಮೋ ಹಿಂದೆಯೇ ಬಂತು. ಹಾಲಿನ ಮೆಟ್ಟಿಲ ಮೇಲೆ ಗೌರೀಶ್ ನಿಂತಿದ್ದ. ತಾನೇ ವ್ಯಾನಿನ ಬಾಗಿಲು ತೆಗೆದ.

"ಬನ್ನಿ ಸಾರ್, ಬನ್ನಿ. ನಿಮಗೋಸ್ಕರಾನೇ ಕಾಯ್ತಿದೀವಿ."

ಅವನ ಕೋಟಿನ ಜೇಬು ಉಬ್ಬಿತ್ತು.

ಒಳಗೆ ಮೊದಲ ಸಾಲಿನಲ್ಲಿ ಶಿವಲಿಂಗಯ್ಯ ಮುಖಕ್ಕೆ ಟವೆಲ್ ಸುತ್ತಿ ಕೂತಿದ್ದ. ತೊಡೆಯ ಮೇಲೆ ಸ್ಲೇಟು. ಪಕ್ಕದಲ್ಲಿದ್ದ ಡಾಕ್ಟರ್ ನನಗೆ ತಲೆಯಾಡಿಸಿದರು. ಜಾನಕಮ್ಮ ಆಸ್ಪತ್ರೆ ಸೇರಿದ್ದರು. ಮೇಜಿನ ಹಿಂದೆ ಸಮಿತಿಯ ಅಧ್ಯಕ್ಷ ಶ್ರೀನಿವಾಸಯ್ಯ. ರಿಟೈರ್ಡ್ ಜಡ್ಜ್. ಗಂಭೀರ ಮುಖ, ಕೈಯಲ್ಲಿ ಕಂದು ಕಲೆಗಟ್ಟಿದ ದೊಡ್ಡ ಕರ್ಚೀಫು.

ಕಂಪನಿಯ ಲಾಯರು ಎದ್ದು ನಿಂತ. "ಪ್ರಮಾಣ ಮಾಡಿಸಿ, ಸ್ವಾಮಿ."

"ಅದಕ್ಕೆ ಮುಂಚೆ ನನ್ನ ಹೇಳಿಕೇಲಿ ಒಂದು ತಿದ್ದುಪಡಿ ಇದೆ," ಎಂದರು ಬದರೀನಾರಾಯಣ.

ಲಾಯರು ಬಾಯಿ ತೆರೆದ. ಅಧ್ಯಕ್ಷರು ಕೈ ಎತ್ತಿ ಸುಮ್ಮನಾಗಿಸಿದರು.

ಮುದುಕರು ತಗಡಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಟಣ್ ಎಂದಿತು.

"ಯಾವ ರೂಪದಲ್ಲೂ ತಂಬಾಕು ಬಳಸಿಲ್ಲ ಅಂತ ಬರೆದಿದ್ದೆ. ಅದು ಸುಳ್ಳು. ಇದು ನಶ್ಯ. ಕಾಲೇಜಿನ ದಿನದಿಂದ ಹಾಕ್ತಿದೀನಿ. ತಂಬಾಕು ಅಂತ ಒಂದು ದಿನವೂ ಅನ್ನಿಸ್ಲಿಲ್ಲ. ನಮ್ಮನೇಲಿ ಯಾರಿಗೂ ಅನ್ನಿಸಿಲ್ಲ. ತಪ್ಪು ನಂದು. ಬರ್ಕೊಳ್ಳಿ."

ಅಧ್ಯಕ್ಷರು ಬರೆದುಕೊಂಡರು.

"ನನ್ನದೇ ಇನ್ನೊಂದು ಡಬ್ಬಿ ಇದೆ. ಬೆಳ್ಳೀದು, ಹೆಸರು ಕೆತ್ತಿದೆ. ಇವತ್ತು ಬೆಳಿಗ್ಗೆ ಚಿಲಕ ಮುರಿದು ಯಾರೋ ಕದ್ದಿದಾರೆ. ಪೊಲೀಸರಿಗೆ ಹೇಳಿದೀವಿ. ಇಲ್ಲಿ ಯಾರ ಹತ್ರಾನಾದ್ರೂ ಇದ್ರೆ ದಯವಿಟ್ಟು ತೋರಿಸ್ಬಹುದು."

ಲಾಯರು ಗೌರೀಶನ ಕಡೆ ತಿರುಗಿದ. ಗೌರೀಶನ ಕೈ ಜೇಬಿನೊಳಗೇ ಇತ್ತು. ಹೊರಗೆ ತೆಗೆದರೆ ಕಳ್ಳ. ತೆಗೆಯದಿದ್ದರೆ ಕದ್ದದ್ದೇ ದಂಡ. ಅವನ ಮುಖದಲ್ಲಿ ನಾನು ಬೆವರು ನೋಡಿದ್ದು ಅವತ್ತೇ ಮೊದಲು.

"ಈಗ ವ್ಯಾಪಾರದ ಮಾತು," ಎಂದರು ಮುದುಕರು. "ಆ ಒಪ್ಪಂದ ಊಟದ ಪಂಕ್ತಿ ಇದ್ದ ಹಾಗೆ. ಒಬ್ಬನ ಎಲೆಗೆ ತುಪ್ಪ, ಪಕ್ಕದವನಿಗೆ ಬರೀ ನೀರು ಮಜ್ಜಿಗೆ, ಹಾಗೆ ಮಾಡ್ಬೇಡಿ ಅನ್ನುತ್ತೆ. ಆದ್ರೆ ಅಡಿಗೇಲಿ ವಿಷ ಬಿದ್ದಿದ್ರೆ ಬಾಯ್ಮುಚ್ಕೊಂಡು ಬಡಿಸಿ ಅನ್ನಲ್ಲ. ಜನರ ಜೀವ ಉಳಿಸೋಕೆ ಬೇಕಾದ್ದು ಮಾಡಿ ಅಂತ ಅದರಲ್ಲೇ ಬರೆದಿದೆ. ಬರೆಯುವಾಗ ನಾನಿದ್ದೆ. ಷರತ್ತು ಒಂದೇ, ಎಲ್ಲರ ಎಲೆಗೂ ಒಂದೇ ನ್ಯಾಯ. ಇವರು ಹೇಳೋದ್ರಲ್ಲಿ ಒಂದಂಶ ಸರಿ. ನಾನು ನನ್ನ ತಂಬಾಕನ್ನ ಪಂಕ್ತಿಯಿಂದ ಆಚೆ ಇಟ್ಟಿದ್ದೆ. ಈಗ ಕೂರಿಸ್ತಿದೀನಿ. ಸಿಗರೇಟಿಗೂ ಹಾಕಿ, ಬೀಡಿಗೂ ಹಾಕಿ." ಡಬ್ಬಿಯನ್ನು ಮುಂದೆ ತಳ್ಳಿದರು. "ಇದರ ಮೇಲೂ ಶಿವಲಿಂಗಯ್ಯನ ಮುಖ ಹಾಕಿ. ಆಮೇಲೆ ಯಾವ ಕಂಪನಿ ಎದ್ದು ಹೋಗುತ್ತೋ ನೋಡೋಣ."

ಶಿವಲಿಂಗಯ್ಯ ಟವೆಲ್ ಬಿಚ್ಚಿದ. ಯಾರೂ ಹೇಳಿರಲಿಲ್ಲ. ಬಿಚ್ಚಿ ಲಾಯರ ಕಡೆ ತಿರುಗಿ ಕೂತ. ಲಾಯರು ಕಾಗದ ನೋಡಿದ, ಸೂರು ನೋಡಿದ, ಮತ್ತೆ ಕಾಗದ ನೋಡಿದ.

"ಪ್ರಶ್ನೆ ಇದೆಯಾ?" ಎಂದರು ಅಧ್ಯಕ್ಷರು.

"ಇಲ್ಲ, ಸ್ವಾಮಿ."

ಗೌರೀಶ್ ಆಗಲೇ ಬಾಗಿಲು ದಾಟಿದ್ದ. ನನ್ನ ಪಕ್ಕ ಹಾದು ಹೋಗುವಾಗ ಒಂದೇ ಮಾತು ಹೇಳಿದ. "ನೋಡ್ಕೋತೀನಿ ಗಗನಾ." ಈ ಸಲ ನಗಲಿಲ್ಲ.

ಕಂಪನಿಯ ಆಕ್ಷೇಪ ನಿಲ್ಲುವುದಿಲ್ಲ ಎಂದೇ ಸಮಿತಿ ಸಂಜೆ ತೀರ್ಮಾನ ಓದಿತು. ಶಿವಲಿಂಗಯ್ಯ ಸ್ಲೇಟಿನಲ್ಲಿ ಏನೋ ಬರೆದು, ಅಳಿಸಿ, ಕೊನೆಗೆ ಬರೆಯದೆ ಮುದುಕರ ಕೈ ಹಿಡಿದುಕೊಂಡ. ನನಗೆ ಅಳು ಬಂತು. ಅತ್ತೆ.

ಸಾಕ್ಷಿಯೆಂದು ತೆಗೆದಿಟ್ಟುಕೊಂಡಿದ್ದ ನಶ್ಯದ ಡಬ್ಬಿಯನ್ನು ಜವಾನ ವ್ಯಾನಿನ ಹತ್ತಿರ ತಂದು ಕೊಟ್ಟ. ಬದರೀನಾರಾಯಣ ಮುಚ್ಚಳ ತೆಗೆದರು. ನನಗೂ ತೋರಿಸಿದರು.

ಅರ್ಧ ಖಾಲಿ.

"ಮೇಜಿನ ಮೇಲೆ ಇಟ್ಟಾಗ ತುಂಬಿತ್ತಲ್ಲ ಸಾರ್?"

"ತುಂಬಿತ್ತು. ಅಧ್ಯಕ್ಷರ ಕರ್ಚೀಫ್ ನೋಡ್ಲಿಲ್ವಾ ನೀನು?" ಎಂದು ಮೊದಲ ಬಾರಿಗೆ ನಕ್ಕರು. ಆಮೇಲೆ ಡಬ್ಬಿ ಮುಚ್ಚಿದರು. ಕೈ ಮತ್ತೆ ನಡುಗುತ್ತಿತ್ತು. "ಕಸದ ತೊಟ್ಟಿ ಎಲ್ಲಾದ್ರೂ ಇದ್ರೆ ನಿಲ್ಸು. ರಸ್ತೇಲಿ ಎಸೆಯೋ ಹಾಗಿಲ್ಲ."

ವ್ಯಾನು ಹೊರಡಿಸಿದೆ. ಕನ್ನಡಿ ನೋಡಿದೆ.

ಹಿಂದೆ ಬಿಳಿ ಸುಮೋ. ಈ ಸಲ ಅದಕ್ಕೆ ನಮ್ಮಿಂದ ಏನೂ ಬೇಕಿರಲಿಲ್ಲ. ಬಂಪರಿಗೆ ತಾಗಿಸಿ ಬಿಡುವ ಅಗತ್ಯವೂ ಇರಲಿಲ್ಲ. ಗುದ್ದಿಯೇ ಬಿಡಬಹುದಿತ್ತು. ಮುಂದೆ ಎಡಕ್ಕೆ ಪೊಲೀಸ್ ಸ್ಟೇಷನ್ನಿನ ರಸ್ತೆ ಕಂಡಿತು.

ಇಂಡಿಕೇಟರ್ ಹಾಕಿಯೇ ತಿರುಗಿದೆ.